ಬರಿದಾಗಿ ಬಂದ ಗಡಿಗೆ

ಗಂಗೊಳ್ಳಿ ಮೇಲ್ದಂಡೆ
ಉಬ್ಬರವರ್ಷ ಇನ್ನೂರ ಹನ್ನೆರಡು, ಹದಿಮೂರನೆಯ ತಿಂಗಳ ಮೂವತ್ತಮೂರು

ನನಗಿಂತ ಬಹಳ ಹಿಂದೆ ಬದುಕಿದವರೇ,

ನನಗೆ ತೇಲೂರಿನ ಮಾತು ಬರುತ್ತದೆ. ಇದನ್ನು ನಾನು ವರ್ಷಗಟ್ಟಲೆ ಬಚ್ಚಿಟ್ಟಿದ್ದೆ, ಅಮ್ಮನಿಗೂ ಹೇಳಿರಲಿಲ್ಲ.

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಂಡೀತು. ಕಡಲು ಹಳೆಯ ಊರನ್ನು ಒಳಗೆ ಹಾಕಿಕೊಂಡ ಮೇಲೆ ನಾವು ತಿಂಗಳನ್ನು ಉಬ್ಬರ ನೋಡಿ ಅಳೆಯುತ್ತೇವೆ. ಉಳಿದುಹೋದ ದಿನಗಳನ್ನೆಲ್ಲ ಮೂರು ವರ್ಷಕ್ಕೊಮ್ಮೆ ಕೂಡಿಸಿ ಒಂದು ಹೆಚ್ಚಿನ ತಿಂಗಳು ಮಾಡುತ್ತೇವೆ. ಇವತ್ತು ಅದರ ಕೊನೆಯ ದಿನ. ನನ್ನ ಪದಗಳೂ ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು. ಈ ಕಾಗದ ನಿಮ್ಮ ಕೈಸೇರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಬದುಕಿರುವವರಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಉಳಿದಿಲ್ಲ.

ನಾನು ಕೆಲಸ ಮಾಡುವುದು ಸಿಹಿಮನೆಯಲ್ಲಿ, ಅಂದರೆ ಕಡಲ ನೀರಿನಿಂದ ಉಪ್ಪು ಬಿಡಿಸುವ ಕಡೆ. ನಾವು ತುಂಬುವ ಗಡಿಗೆ ಒಂದು ಮನೆಯಷ್ಟು ದೊಡ್ಡದು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ತುಂಬಿದ ಗಡಿಗೆಯೂ ತೇಲುತ್ತದೆ. ಅದನ್ನು ದೋಣಿಗೆ ಕಟ್ಟಿ ತೇಲೂರಿಗೆ ಎಳೆದೊಯ್ಯುತ್ತೇವೆ. ನೆಲ ಪೂರ್ತಿ ಮುಳುಗಿ, ತೆಪ್ಪಗಳ ಮೇಲೆ ದೇಶ ಕಟ್ಟಿಕೊಂಡವರ ಜಾಗ ಅದು. ಕೊಡುವ ನಾವೇನೂ ಶ್ರೀಮಂತರಲ್ಲ. ದೇಶದ ಸಾಲಕ್ಕೆ ನಮ್ಮಲ್ಲಿ ನೆರಳು ಎನ್ನುತ್ತಾರೆ. ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಹಿಂದೆಯೇ ಅದರ ಪಾಲಿನ ನೆರಳನ್ನೂ ಹೇಳುತ್ತಾರೆ. ಗಡಿಗೆ ತುಂಬುವ ವಾರ ನಮ್ಮ ಕೇರಿಗೆ ಸ್ನಾನದ ನೀರಿಲ್ಲ. ಒದ್ದೆಬಟ್ಟೆಯಲ್ಲಿ ಮೈ ಒರೆಸಿಕೊಂಡು, ಒಬ್ಬರ ಪಕ್ಕ ಒಬ್ಬರು ಕೂರದೆ ದೂರ ದೂರ ಕೂರುತ್ತೇವೆ. ಆದ್ದರಿಂದ ಕೊಡುವುದು ಬೇಡ ಎನ್ನುವವರನ್ನು ಕಲ್ಲೆದೆಯವರು ಎನ್ನಲು ನನ್ನಿಂದಾಗದು.

ಶಾಲೆಯಲ್ಲಿ ಇದೇ ಪ್ರಶ್ನೆ ಬಂದಿತ್ತು: ಸಾಲವಿರುವ ದೇಶ ಕೊಡುತ್ತಲೇ ಇರಬೇಕೇ? ಗಡಿಗೆ ನಿಲ್ಲಿಸಿದರೆ ನೆರಳು ಹೇಳಿಕೊಳ್ಳುವಷ್ಟು ಗಿಡ್ಡವಾಗದು, ನಿಲ್ಲಿಸದಿದ್ದರೆ ಸ್ವಲ್ಪವಾದರೂ ಉದ್ದವಾಗುತ್ತದೆ ಎಂದು ಬರೆದೆ. ಎರಡರಲ್ಲಿ ಒಂದನ್ನು ಹೊಡೆದುಹಾಕು ಎಂದರು ಮೇಷ್ಟ್ರು. ಎರಡೂ ನಿಜವಾಗಿದ್ದವು. ಮರುದಿನದಿಂದ ನಾನು ಹೋಗಲಿಲ್ಲ.

ಜನಕ್ಕೆ ನಿಜವಾಗಿ ನೋವಾಗಿದ್ದು ಬೇರೆ ಕಾರಣಕ್ಕೆ. ತೇಲೂರಿನಿಂದ ಗಡಿಗೆ ಪ್ರತಿಸಲ ಬರಿದಾಗಿಯೇ ಮರಳುತ್ತಿತ್ತು. ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ ಹಿಂತಿರುಗಿಸಬಾರದು, ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ನೀವು ಬಿಟ್ಟುಹೋದ ಮಾತು. ನಿಮ್ಮ ಊರುಗಳು ಮುಳುಗಿದವು, ಅದು ಮುಳುಗಲಿಲ್ಲ. ದೋಣಿಗಳು ನಿಲ್ಲುವ ದಕ್ಕೆಯ ಯಜಮಾನ ಬಚ್ಚ ಖಾರ್ವಿ ಪ್ರತಿ ಗಡಿಗೆಯೊಳಗೂ ಇಣುಕಿ ನೋಡುತ್ತಿದ್ದ.

“ಕಾಣಿ, ತೊಳ್ದ್ ಕವುಚಿ ಕಳ್ಸಿರ್. ಒಂದ್ ಚಿಟ್ಕಿ ಸಕ್ರಿ ಹಾಕುಕೂ ಕೈ ಬರ್ಲಿಲ್ಲ. ಮನಿಗ್ ಮಾರಿ, ಊರಿಗ್ ಉಪಕಾರಿ ಅಂದ್ರೆ ನಾವೇ ಮಾರಾಯ್ರೆ.”

ಅವನು ಕೆಟ್ಟವನಲ್ಲ. ತನ್ನ ಪಾಲಿನ ನೀರನ್ನು ಬಾಣಂತಿಯರ ಮನೆಗೆ ಹೊತ್ತು ಕೊಡುವವನು.

ತೇಲೂರಿಗೆ ಉಬ್ಬರದ ಸುದ್ದಿ ಹೇಳುವ ವೈರ್‌ಲೆಸ್ಸು ನನ್ನ ಪಾಲಿಗೆ ಬಂದಿತ್ತು. ಆ ತುದಿಯಲ್ಲಿ ರಿಫಾಲಿ ಇದ್ದಳು. ಗಡಿಗೆ ತೊಳೆಯುವುದೂ ಅವಳದೇ ಕೆಲಸ. ನನಗೆ ಅವರ ಮಾತು ಕಲಿಸಿದವಳು ಅವಳೇ. “ನಿನ್ನ ಮಾತು ಮಗುವಿನ ಬಾಯಿಯ ಹಾಗಿದೆ, ಒಂದು ಹಲ್ಲಿದ್ದರೆ ಒಂದಿಲ್ಲ” ಎಂದು ನಗುತ್ತಿದ್ದಳು. ನಾನು ಇದನ್ನು ಬಚ್ಚಿಟ್ಟಿದ್ದು ಹೆದರಿಕೆಯಿಂದಲ್ಲ. ಇಡೀ ದಂಡೆಯಲ್ಲಿ ನನ್ನದು ಅಂತ ಇದ್ದದ್ದು ಆ ದನಿಯೊಂದೇ. ಪಾತ್ರೆಯನ್ನು ತೊಳೆದು ಕವುಚಿ ಕೊಟ್ಟರೆ ಅವರಲ್ಲಿ ಮತ್ತೆ ಬನ್ನಿ ಎಂದರ್ಥ, ಇದನ್ನೂ ಅವಳೇ ಹೇಳಿದ್ದು. ಅದರೊಳಗೆ ಏನಾದರೂ ಹಾಕಿ ಕೊಟ್ಟರೆ ಋಣ ಹರಿಯಿತು, ಇನ್ನು ನಮ್ಮ ಬಾಗಿಲಿಗೆ ಬರಬೇಡಿ ಎಂದು. ಹಾಕಿದ್ದನ್ನು ಯಾರಾದರೂ ಕೈಯಾರೆ ತಂದು ಹಿಂದಿರುಗಿಸಿದರೆ ಮಾತ್ರ ಆ ಮಾತು ಅಳಿಯುತ್ತದಂತೆ.

ಕಳೆದ ಮಳೆಗಾಲ ಅವಳು ನನ್ನನ್ನು ಕೇಳಿದಳು: “ಮಾರಿ ಅಂದರೆ ಏನು? ಗಡಿಗೆಯ ಬಗ್ಗೆ ನಿಮ್ಮವರು ಸಭೆಯಲ್ಲಿ ಆಡುವ ಮಾತು ವೈರ್‌ಲೆಸ್ಸಿನಲ್ಲಿ ಇಲ್ಲಿಗೂ ಕೇಳಿಸುತ್ತದೆ.” ನಾನು ಅರ್ಥ ಹೇಳಿದೆ, ಜನ ಯಾಕೆ ಹಾಗೆನ್ನುತ್ತಾರೆ ಎಂಬುದನ್ನೂ ಹೇಳಿದೆ. ಅದಾದ ಮೇಲೆ ಆ ತುದಿಯಿಂದ ಯಾರೂ ಮಾತಾಡಲಿಲ್ಲ. ಮುಂದಿನ ಗಡಿಗೆಯ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಕವಡೆ ಇತ್ತು.

ಊರಿಗೆ ಊರೇ ನಲಿಯಿತು. ಬಚ್ಚ ಖಾರ್ವಿ ಕವಡೆಗಳನ್ನು ಅಂಗೈಯಲ್ಲಿಟ್ಟುಕೊಂಡು ಮನೆಮನೆಗೆ ಒಯ್ದು ತೋರಿಸಿದ. “ಪಾಪ, ಇಪ್ಪುದ್ರಲ್ಲೇ ಕೊಟ್ಟಿರ್ ಕಾಣಿ” ಎನ್ನುವಾಗ ಅವನ ಕಣ್ಣು ತುಂಬಿತ್ತು. ಗಡಿಗೆ ಬೇಕೋ ಬೇಡವೋ ಎಂದು ದಂಡೆಯ ಜನ ಕೈಯೆತ್ತಿ ತೀರ್ಮಾನಿಸಬೇಕಾಗಿದ್ದ ವಾರ ಅದು. ಬೇಡ ಎನ್ನುತ್ತಿದ್ದವರೂ ಮೆತ್ತಗಾಗಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಬೇಕು ಎಂದೇ ಕೈಯೆತ್ತುತ್ತಿದ್ದರು. ಆದರೆ ತೇಲೂರಿನವರು ಬೀಳ್ಕೊಟ್ಟದ್ದನ್ನು ನಾವು ಉಡುಗೊರೆ ಎಂದುಕೊಂಡು ಕುಣಿಯುವುದನ್ನು ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ. ಸಭೆಯಲ್ಲಿ ಎದ್ದು ನಿಂತೆ. ನನಗೆ ಆ ಮಾತು ಬರುತ್ತದೆ ಎಂದೆ. ಕವಡೆಯ ಅರ್ಥ ಹೇಳಿದೆ, ಬರಿ ಗಡಿಗೆಯ ಅರ್ಥವನ್ನೂ ಹೇಳಿದೆ.

“ಶಾಲಿ ಬಿಟ್ಟವ್ಳ್ ಪಾಠ ಹೇಳುಕ್ ಬಂದ್ಳ್” ಎಂದು ಹಿಂದಿನಿಂದ ಯಾರೋ ನಕ್ಕರು. ಬಚ್ಚ ನಗಲಿಲ್ಲ. “ಹಂಗಾರೆ ಅವ್ರೇ ಬ್ಯಾಡ ಅಂದಿರ್. ಇನ್ ನಮ್ದೆಂತ ಇತ್ತ್?” ಎಂದು ಕೂತುಬಿಟ್ಟ. ಕೈಗಳು ಎದ್ದವು, ನಿಲ್ಲಿಸುವುದಕ್ಕೆ. ಅಮ್ಮನ ಕೈಯೂ ಎದ್ದಿತು. ಅಂದಿನಿಂದ ಒದ್ದೆಬಟ್ಟೆಯ ವಾರವಲ್ಲದಿದ್ದರೂ ನನ್ನ ಪಕ್ಕ ಯಾರೂ ಕೂರುವುದಿಲ್ಲ.

ಆದರೆ ಮೊದಲೇ ತುಂಬಿಟ್ಟ ಒಂದು ಗಡಿಗೆ ದಕ್ಕೆಯಲ್ಲಿ ತೇಲುತ್ತಿದೆ. ಯಾರ ಹೆಸರಿಗೆ ತುಂಬಿದ್ದೋ ಅದನ್ನು ಬೇರೆಯವರು ಕುಡಿಯಬಾರದು ಎಂಬ ನೇಮವನ್ನು ಮುರಿಯಲು ಯಾರಿಗೂ ಮನಸ್ಸಾಗಲಿಲ್ಲ. ಎಳೆದೊಯ್ಯಲೂ ಯಾರೂ ಮುಂದೆ ಬರಲಿಲ್ಲ. ನಾನು ಒಯ್ಯುತ್ತೇನೆ, ಕವಡೆಯನ್ನೂ ಕೈಯಾರೆ ಹಿಂದಿರುಗಿಸುತ್ತೇನೆ ಎಂದೆ. ಬಚ್ಚ ನನ್ನ ಕೈಗೆ ಕವಡೆಯ ಗಂಟು ಕೊಟ್ಟು, “ಹ್ವಾಪುದಾರೆ ಹ್ವಾಗ್ ಹೆಣೆ. ಗಡ್ಗಿ ನಿಂತ್ ಮೇಲೆ ನಿನ್ನ್ ಕರ್ಕಂಡ್ ಬಪ್ಪುಕೆ ದೋಣಿ ಇಲ್ಲ, ಗೊತ್ತಿತ್ತಲ್ದಾ?” ಎಂದ. ಗೊತ್ತಿದೆ ಎಂದೆ. ಇಳಿತದ ಸೆಳೆತಕ್ಕೆ ಒಬ್ಬಳೇ ಹೋಗಬಹುದು, ಒಬ್ಬಳೇ ದೋಣಿ ನಡೆಸಿ ಮರಳಲಾಗದು. ರಿಫಾಲಿ ಗಂಟನ್ನು ತೆಗೆದುಕೊಳ್ಳುತ್ತಾಳೋ ಇಲ್ಲವೋ, ಅದು ಗೊತ್ತಿಲ್ಲ. ಅವಳ ಮುಖವನ್ನೂ ನಾನು ಕಂಡಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ. ಮಕ್ಕಳಿಗೆ ಬಟ್ಟಲಲ್ಲಿ ಸಕ್ಕರೆ ಹಾಕುವುದನ್ನು ಕಲಿಸಿ, ಬಿಡಬೇಡಿ. ಆದರೆ ಎದುರು ಮನೆಯಿಂದ ಬಟ್ಟಲು ಬರಿದಾಗಿ ಬಂದ ದಿನ, ಬಾಗಿಲು ಹಾಕಿಕೊಳ್ಳುವ ಮೊದಲು, ಹೋಗಿ ಕೇಳುವುದನ್ನೂ ಕಲಿಸಿ.

ಅಮ್ಮ ಒಳಗೆ ಅವಲಕ್ಕಿ ಕಟ್ಟುತ್ತಿದ್ದಾಳೆ. ನಾಳೆ ಬೆಳಗಿನ ಇಳಿತಕ್ಕೆ ನಾನು ಹೊರಡುತ್ತೇನೆ.