ಹನುಮಕ್ಕನ ಮೇಲೆ ಸುಣ್ಣ ಬಳಿಯಬೇಡಿ

ಗೋಡೆಗೆ ಸುಣ್ಣ ಬಳಿಯಲು ಅಪ್ಪಣೆ ಕೊಟ್ಟಿರುವ ಮಾನ್ಯ ಅಧಿಕಾರಿಗಳೇ,

ಧಾರೇಶ್ವರದ ಹತ್ತಿರದ ನಮ್ಮ ಕೇರಿಯಲ್ಲಿ ಹಳೆಯ ಗೋದಾಮಿನ ಗೋಡೆಯ ಮೇಲಿರುವ ಚಿತ್ರಗಳನ್ನೆಲ್ಲ ಬರುವ ಸೋಮವಾರ ಅಳಿಸಬೇಕೆಂಬ ತಮ್ಮ ಆದೇಶ ಓದಿ, ಹೊಲಿಗೆ ಬದಿಗಿಟ್ಟು ಈ ಪತ್ರ ಬರೆಯಲು ಕೂತಿದ್ದೇನೆ. ಬೀದಿ ದೀಪಕ್ಕಾಗಿ ನಾವು ಕೊಟ್ಟ ಏಳು ಅರ್ಜಿಗಳು ನಾಲ್ಕು ವರ್ಷದಿಂದ ತಮ್ಮ ಕಪಾಟಿನಲ್ಲಿ ಸುಖವಾಗಿ ಮಲಗಿವೆ. ಈ ಗೋಡೆಯ ಬಗ್ಗೆ ಬಂದ ಒಂದೇ ಒಂದು ದೂರಿಗೆ ಮೂರೇ ದಿನದಲ್ಲಿ ಆದೇಶ! ಆಹಾ, ಏನು ಚುರುಕು! ಅಂಥ ದೂರು ಕೊಟ್ಟ ಮಹಾಶಯ ಯಾರು ಎಂದು ಕೇರಿಯೆಲ್ಲ ಹುಡುಕುತ್ತಿತ್ತು. ಕಡೆಗೂ ಸಿಕ್ಕಿದ್ದಾನೆ. ಅವನು ನಾನೇ, ಗೋಡೆಯ ಎದುರಿನ ಟೇಲರ್ ಅಂಗಡಿಯ ತಿಮ್ಮಪ್ಪ.

ಮೊದಲು ಆ ಗೋಡೆಯ ಪೂರ್ವಚರಿತ್ರೆ ಕೇಳಿ. ಗೋದಾಮಿನ ಮಾಡು ಮುಂದಕ್ಕೆ ಚಾಚಿರುವುದರಿಂದ ಮಳೆಗಾಲದಲ್ಲಿ ಕೊಡೆಯಿಲ್ಲದೆ ನಿಲ್ಲಬಹುದಾದ ಜಾಗ ಅದೊಂದೇ. ಊರಿನ ಗಂಡಸರು ಅಲ್ಲಿ ಯಾಕೆ ನಿಲ್ಲುತ್ತಿದ್ದರು ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹತ್ತೊಂಬತ್ತು ವರ್ಷ ಮೂಗು ಮುಚ್ಚಿಕೊಂಡು ರವಿಕೆ ಹೊಲಿದವನು ನಾನು. 'ಇಲ್ಲಿ ಮಾಡಬಾರದು' ಎಂದು ಬರೆಸಿದರೆ ಆ ಅಕ್ಷರಗಳ ಮೇಲೆಯೇ ಗುರಿಯಿಟ್ಟರು. ಕಡೆಗೆ ನಮ್ಮ ಕೇರಿಯ ಸುಪ್ರಿಯಾ, ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವ ಕೆಲಸವಿಲ್ಲದೆ ಕೂತಿದ್ದವಳು, ಮನೆಮನೆಯಿಂದ ಉಳಿದ ಬಣ್ಣ ಒಟ್ಟು ಮಾಡಿ, ಗೋಡೆಯ ನಟ್ಟನಡುವೆ ನಮ್ಮ ಮೀನು ಮಾರುವ ಹನುಮಕ್ಕನನ್ನು ಬುಟ್ಟಿ ಸಮೇತ ಬರೆದಳು. ಅಂದಿನಿಂದ ಒಬ್ಬನಿಗೂ ಅಲ್ಲಿ ನಿಲ್ಲುವ ಧೈರ್ಯವಿಲ್ಲ. ಹನುಮಕ್ಕ ನೋಡುತ್ತಿರುತ್ತಾಳಲ್ಲ!

ಕೇರಿಯವರು ಸುಮ್ಮನೆ ಒಪ್ಪಿದರೇ? ಎಲ್ಲಿಯ ಮಾತು! ಎಲ್ಲರೂ ಪರೀಕ್ಷಕರೇ. ಮೊದಲ ಆಕ್ಷೇಪ ಸ್ವತಃ ಹನುಮಕ್ಕನದು. "ಕಣ್ಣು ಬೆಳ್ಳಗಾದ ಬಂಗಡೆ ಯಾರು ತಕಂತಾರೆ? ನನ್ನ ಹೆಸರು ಹಾಳು ಮಾಡ್ಬೇಡ ತಂಗಿ, ಕಿವಿರು ಕೆಂಪು ಮಾಡು!" ಸುಪ್ರಿಯಾ ಮಾಡಿದಳು. ಜೂನ್ ಬಂತು, ಮೀನುಗಾರಿಕೆ ನಿಷೇಧದ ಕಾಲ. "ಬೋಟು ಬಂದ್ ಇರುವಾಗ ತಾಜಾ ಬಂಗಡೆ ಇಟ್ಕಂಡು ಕೂತ್ರೆ ಜನ ಎಂತ ಹೇಳ್ತಾರೆ?" ಎಂದಳು ಹನುಮಕ್ಕ. ಸುಪ್ರಿಯಾ ಪಾಪ, ಬುಟ್ಟಿಯ ಬಂಗಡೆಯನ್ನೆಲ್ಲ ಒಣಮೀನು ಮಾಡಿದಳು. ಆಗಸ್ಟಿನಲ್ಲಿ ಮತ್ತೆ ತಾಜಾ ಆಗಬೇಕು. ಕಾಯಿದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಇನ್ನೊಂದು ಗೋಡೆ ತಮ್ಮ ವ್ಯಾಪ್ತಿಯಲ್ಲಿದ್ದರೆ ದಯವಿಟ್ಟು ತೋರಿಸಿ.

ಇನ್ನು ನನ್ನ ದೂರು. ಹನುಮಕ್ಕನ ಪಕ್ಕದಲ್ಲಿ ಸುಪ್ರಿಯಾ ನನ್ನನ್ನೂ ಬರೆದಳು. ಹೇಗೆ? ಹೊಲಿಗೆ ಮಷಿನಿನ ಮೇಲೆ ತಲೆಯಿಟ್ಟು, ಬಾಯಿ ತುಸು ತೆರೆದು, ಗಡದ್ದಾಗಿ ನಿದ್ದೆ ಹೊಡೆಯುತ್ತಿರುವಂತೆ! ಪಕ್ಕದಲ್ಲಿ ಹೊಲಿಯದ ರವಿಕೆಗಳ ರಾಶಿ. ಮರುದಿನವೇ ನನ್ನ ಗಿರಾಕಿ ಶ್ರೀಗೌರಿಬಾಯಿ ಬಂದು, "ಎಂತ ತಿಮ್ಮಪ್ಪಣ್ಣ, ಆ ನೀಲಿ ರವಿಕೆ ನಂದೇ ಅಲ್ವಾ? ಎರಡು ತಿಂಗಳಾತು!" ಎಂದು ಎಲ್ಲರೆದುರು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಹೆಂಡತಿ ಗಂಗಿಯ ಹತ್ತಿರ ಹೇಳಿಕೊಂಡರೆ, "ಎಂತಕ್ಕೆ ಸಿಟ್ಟು? ಅವಳು ಸುಳ್ಳು ಬರ್ದಿದ್ದಾಳಾ?" ಎಂದಳು. ಆ ಸಿಟ್ಟಿನಲ್ಲಿ ತಮಗೆ ಬರೆದೆ.

ಆದರೆ ಸ್ವಾಮೀ, ನಾನು ಕೇಳಿದ್ದು ನನ್ನ ಕಣ್ಣು ತೆರೆಸಿ ಎಂದು ಮಾತ್ರ. ತೋಳು ತುಸು ಬಿಗಿಯಾಯಿತು ಎಂದರೆ ರವಿಕೆಯನ್ನೇ ಕತ್ತರಿಸಿ ಬಿಸಾಡುವ ಟೇಲರನ್ನು ತಾವು ಎಲ್ಲಿಯಾದರೂ ಕಂಡಿದ್ದೀರಾ?

ದೂರು ನನ್ನದೆಂದು ಗೊತ್ತಾದಾಗಿನಿಂದ, ಅಂದರೆ ಒಂಬತ್ತು ದಿನದಿಂದ, ಹನುಮಕ್ಕ ಮೀನು ಕೊಡದೆ ನಮ್ಮ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದಾಳೆ. ಗಂಗಿ ಬರೀ ಗಂಜಿ, ಉಪ್ಪಿನಕಾಯಿ ಬಡಿಸಿ ಎದ್ದು ಹೋಗುತ್ತಾಳೆ. ಮೊನ್ನೆ ಕ್ಷಮೆ ಕೇಳಲು ಹೋದೆ. ಹನುಮಕ್ಕ ಸೆರಗಿನ ತುದಿಯಿಂದ ಗೋಡೆಯ ಮೇಲಿನ ತನ್ನ ಮುಖದ ಧೂಳು ಒರೆಸುತ್ತಿದ್ದಳು. ನನ್ನ ಕಡೆ ತಿರುಗದೆಯೇ ಹೇಳಿದಳು: "ನಂದು ಅಂತ ಇರುದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದ್ರಲ್ಲಿ ನಾನು ಯಾರೋ. ಇಲ್ಲಿ ನಾನೇ ಇದ್ದೆ. ನಗ್ತಾ ಇದ್ದೆ." ನಲವತ್ತು ವರ್ಷ ನಮ್ಮ ಕೇರಿ ಸುತ್ತಿದ ಹೆಂಗಸು. ಅವಳು ನಗುವುದನ್ನು ನಾನೂ ನೋಡಿದ್ದು ಆ ಗೋಡೆಯ ಮೇಲೆಯೇ.

ಆದ್ದರಿಂದ ನನ್ನ ದೂರನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಸೋಮವಾರದೊಳಗೆ ಆದೇಶ ರದ್ದಾಗಬೇಕು. ಗೋಡೆಯ ಮೇಲೆ ನಾನು ಮಲಗಿಯೇ ಇರುತ್ತೇನೆ. ಬೇಕಾದರೆ ಇನ್ನೂ ನಾಲ್ಕು ರವಿಕೆ ಸೇರಿಸಲಿ.

ಇದನ್ನು ಬಾಯಲ್ಲೇ ಹೇಳಲು ನಿನ್ನೆ ಮಧ್ಯಾಹ್ನ ತಮ್ಮ ಕಚೇರಿಗೆ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಅರ್ಧ ತೆರೆದ ಕಿಟಕಿಯಿಂದ ಆ ಮೀಟಿಂಗನ್ನು ನಾನೂ ಕಣ್ಣಾರೆ ಕಂಡೆ. ಗೊರಕೆಯೂ ಕೇಳಿಸಿತು. ಈ ಸಂಗತಿ ಸುಪ್ರಿಯಾಳಿಗೆ ಹೇಳಿದ್ದೇ ತಡ, ಗೋಡೆಯಲ್ಲಿ ನನ್ನ ಪಕ್ಕ ನಾಲ್ಕು ಅಡಿ ಜಾಗ ಖಾಲಿ ಇದೆಯೆಂದು ಅವಳಿಗೆ ನೆನಪಾಯಿತು. ಅಲ್ಲಿ ಸುಣ್ಣ ಬಿದ್ದರೆ, ಎದುರಿಗಿರುವ ನನ್ನ ಅಂಗಡಿಯ ಗೋಡೆಯೂ ಖಾಲಿಯೇ ಇದೆ. "ಹೆಂಗೆ ಮಲ್ಗಿದ್ರು ತಿಮ್ಮಪ್ಪಣ್ಣ? ತಲೆ ಎಡಗೈ ಮೇಲಾ, ಬಲಗೈ ಮೇಲಾ?" ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ.

ಸೋಮವಾರ ಹೇಳುತ್ತೇನೆ ಎಂದಿದ್ದೇನೆ.

ಇಂತಿ,
ಗೋಡೆಯ ಮೇಲೆ ಸುಖನಿದ್ದೆಯಲ್ಲಿಯೂ, ಮನೆಯಲ್ಲಿ ನಿದ್ದೆಯಿಲ್ಲದೆಯೂ ಇರುವ ತಮ್ಮ ಮಾಜಿ ದೂರುದಾರ,
ಟೇಲರ್ ತಿಮ್ಮಪ್ಪ
(ನೀಲಿ ರವಿಕೆ ಇವತ್ತು ಕೊಟ್ಟಾಗಿದೆ)