ನಮ್ಮನೆ ಫೋನ್ ನಿನಗೇ ಬಂತಲ್ಲ!

ಅಣ್ಣಾ,

ಅಜ್ಜಿ ಹುಷಾರಾಗಿದ್ದಾಳೆ, ಇವತ್ತೊಂದಿನ ಆಸ್ಪತ್ರೇಲೇ ಇರ್ಬೇಕಂತೆ. ಹಲ್ಲಿನ ಸೆಟ್ ಮರೆತು ಬಂದೆ ಅಂತ ಎಲ್ಲರೆದುರು ನನ್ನ ಜಾಡಿಸಿದ್ಲು, ಅದನ್ನ ಒಯ್ಯೋಕೇ ಓಡಿ ಬಂದೆ. ಊಟ ಮುಚ್ಚಿಟ್ಟಿದೀನಿ. ನಿನ್ನ ಗಾಲಿಕುರ್ಚಿಗೆ ಅಡ್ಡ ಆಗ್ತಿದ್ದ ಮೇಜು ಸರಿಸಿದೀನಿ.

ಅಲ್ಲ ಕಣೋ, ಆಂಬುಲೆನ್ಸಿಗೆ ಫೋನ್ ಮಾಡಿದ್ರೆ, ಅಲ್ಲಿ ಫೋನ್ ಎತ್ತೋ ಅಷ್ಟು ಜನರಲ್ಲಿ ನೀನೇ ಎತ್ತೋದಾ! ಸೇಬಿನ ಚೂರು ಸಿಕ್ಕಿಕೊಂಡು ಅಜ್ಜಿ ಮುಖ ನೀಲಿಯಾಗಿತ್ತು, ನಾನು ಬರೀ ಕಿರುಚ್ತಿದ್ದೆ. ದಿನಾ ನನ್ನ ಕೋತಿ ಅನ್ನೋ ನೀನು, "ಗಾಬರಿ ಆಗ್ಬೇಡಿ. ಅವರನ್ನ ಮುಂದಕ್ಕೆ ಬಗ್ಗಿಸಿ, ಅಂಗೈಯಿಂದ ಬೆನ್ನಿಗೆ ಜೋರಾಗಿ ಹೊಡೀರಿ, ನಾನು ಲೈನಲ್ಲೇ ಇರ್ತೀನಿ" ಅಂದೆ. ನಮ್ಮಜ್ಜೀನೇ ಅಂತ ಗೊತ್ತಿದ್ದೂ ನಿನ್ನ ದನಿ ಒಂಚೂರೂ ನಡುಗಲಿಲ್ಲ. ಚೂರು ಹೊರಗೆ ಬಿದ್ದು ಅವಳು ಕೆಮ್ಮಿದಾಗ ಮಾತ್ರ ನೀನು ಉಸಿರು ಬಿಟ್ಟಿದ್ದು ಕೇಳಿಸ್ತು. ಲಾರಿ ಓಡಿಸ್ತಿದ್ದ ನಮ್ಮಣ್ಣನೇನಾ ಇವನು?

ಸಂಬಳ ಬಂದ್ರೆ ಅಂಗವಿಕಲರ ಪಿಂಚಣಿ ನಿಲ್ಲುತ್ತೆ, ಆಮೇಲೆ ಈ ಹೊಸ ಕೆಲಸಾನೂ ಕೈಕೊಟ್ರೆ ಏನು ಗತಿ, ನಾಳೆ ಬಿಟ್ಟುಬಿಡ್ತೀನಿ ಅಂದಿದ್ದೆಯಲ್ಲ? ಆಸ್ಪತ್ರೆಯಿಂದಲೇ ಪಿಂಚಣಿ ಆಫೀಸಿನ ಮೇಡಂಗೆ ಫೋನ್ ಮಾಡಿ ಕೇಳಿದೆ. ಕೆಲಸ ಕಾಯಂ ಆಗೋವರೆಗೂ ಪಿಂಚಣಿ ಬರುತ್ತಂತೆ. ಕೆಲಸ ಹೋದ್ರೂ ಮತ್ತೆ ಮೊದಲಿನ ಹಾಗೇ ಕೊಡ್ತಾರಂತೆ. ನಂಬಿಕೆ ಬರದಿದ್ರೆ ನೀನೇ ಕೇಳು, ಆದ್ರೆ ಬಿಡ್ಬೇಡ.

ಫೋನಲ್ಲಿ ಇದ್ದದ್ದು ನೀನು ಅಂತ ಅಜ್ಜಿಗೆ ಇನ್ನೂ ಗೊತ್ತಿಲ್ಲ. "ಆ ಪುಣ್ಯಾತ್ಮನ ಒಂದ್ಸಲ ಕರ್ಕೊಂಡು ಬನ್ರೇ, ಕೈ ಹಿಡ್ಕೊಂಡು ಮಾತಾಡ್ಬೇಕು" ಅಂತ ಎಲ್ಲ ನರ್ಸುಗಳಿಗೂ ಹೇಳ್ತಿದ್ದಾಳೆ.

ಊಟ ಮಾಡಿ ಆಸ್ಪತ್ರೆಗೆ ಬಾ. ಅದು ಯಾರು ಅಂತ ಅಜ್ಜಿಗೆ ನೀನೇ ಹೇಳು.