ಬುಗುರಿಯ ಉಸಿರು

೧೪ನೇ ತಾರೀಖು, ಮಂಗಳವಾರ

ನನ್ನ ಮುದ್ದಿನ ಮಗಳಿಗೆ,

ನೀನು ತರಬೇತಿಗೆ ಹೋಗಿ ಒಂಬತ್ತು ದಿನವಾಯಿತು, ನನ್ನಿಂದ ಒಂದು ಸಾಲೂ ಬರಲಿಲ್ಲ. ಬೈದುಕೋ, ತಪ್ಪು ನನ್ನದೇ. ಶುಕ್ರವಾರದ ವಿಷಯ ಅಳಿಯಂದಿರು ಫೋನಿನಲ್ಲಿ ಹೇಳಿದ್ದಾರೆ, ಆದರೆ ಅವರು ಮಾತಾಡುವುದು ತಂತಿ ಕಳಿಸಿದ ಹಾಗೆ, ನಾಲ್ಕೇ ಪದ. ನಾನು ಪೂರ್ತಿ ಬರೆಯುತ್ತೇನೆ. ಅದಕ್ಕೂ ಮೊದಲು ಇದನ್ನು ಓದಿಕೋ: ನಿನ್ನ ಮಗಳು ಬುಗುರಿ ಚೆನ್ನಾಗಿದ್ದಾಳೆ. ಈಗ ನನ್ನ ಮೇಜಿನ ಕೆಳಗೆ ಕೂತು ನನ್ನ ಚಪ್ಪಲಿಗೆ ಊಟ ಮಾಡಿಸುತ್ತಿದ್ದಾಳೆ.

ಅವಳಿಗೆ ಎರಡು ದಿನದಿಂದ ನೆಗಡಿ ಇತ್ತು. ಶುಕ್ರವಾರ ಅಳಿಯಂದಿರು ಕಾರ್ಖಾನೆಗೆ ಹೋದ ಮೇಲೆ ನಾನು ಕಿಟಕಿ ಪಕ್ಕ ಒಂದು ಹಳೇ ಕೈಗಡಿಯಾರ ಬಿಚ್ಚಿಕೊಂಡು ಕೂತೆ. ಹನ್ನೊಂದರ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಷ್ಟು ಹೊತ್ತಾದರೂ ಅವಳು ಒಂದು ಸಲವೂ ಬಂದು ನನ್ನ ಚಿಮಟ ಎಳೆದಿರಲಿಲ್ಲ. ತಿರುಗಿ ನೋಡಿದರೆ ಮಂಚದ ಕಾಲಿಗೆ ಒರಗಿ ಬಾಯಿ ತೆರೆದು ಕೂತಿದ್ದಾಳೆ. ಅಂಗಿ ಎತ್ತಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದಿಯ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಗಂಟಲ ಕೆಳಗೆ ಗುಳಿ ಬೀಳುತ್ತಿತ್ತು. ತುಟಿ ಬೂದಿ ಬಣ್ಣ.

ಎತ್ತಿಕೊಂಡು ಮಹಡಿಗೆ ಓಡಿದೆ. ಮೇಲಿನ ಮನೆಯ ಟೈಲರಮ್ಮನ ದನಿ ನಿನಗೆ ಗೊತ್ತಲ್ಲ, ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಬಾಗಿಲು ತೆರೆದವರೇ, "ಇವಳ ಉಸಿರು ಮೆಟ್ಟಿಲಿಂದಲೇ ಕೇಳ್ತಿತ್ತು, ನಾನು ಬೆಕ್ಕು ಅಂದ್ಕೊಂಡೆ," ಅಂದರು. ಮಾತಾಡುತ್ತಲೇ ಆಂಬ್ಯುಲೆನ್ಸಿಗೆ ಫೋನ್ ಮಾಡಿದರು. ಆ ಕಡೆಯವರು ಹೇಳಿದ್ದನ್ನೆಲ್ಲ ನನಗೆ ಕೂಗಿ ಹೇಳಿದರು. "ಮಲಗಿಸ್ಬೇಡಿ ಅಂತಾರೆ, ನೇರವಾಗಿ ಕೂರಿಸ್ಕೊಳ್ಳಿ. ನೀರು ಹಾಲು ಏನೂ ಕೊಡ್ಬೇಡಿ. ಅಳೋಕೆ ಬಿಡ್ಬೇಡಿ." ಅಷ್ಟರಲ್ಲಿ ಗಾಡಿ ನಮ್ಮ ಬೀದಿ ತಪ್ಪಿ ಮುಂದೆ ಹೋಗಿಬಿಟ್ಟಿತ್ತು. ಟೈಲರಮ್ಮ ಯಾರದೋ ಮನೆಯ ಕೆಂಪು ಪರದೆ ಬಟ್ಟೆ ಹಿಡಿದು ರಸ್ತೆ ಮಧ್ಯ ನಿಂತು ಬೀಸಿದರು. ಆಂಬ್ಯುಲೆನ್ಸ್ ತಿರುಗಿ ಬರುವ ಮೊದಲು ಎರಡು ಬಸ್ಸು ನಿಂತವು.

ಗಾಡಿಯಲ್ಲಿ ಆಮ್ಲಜನಕದ ಮುಖವಾಡ ಹಾಕಲು ಹೋದರೆ ಬುಗುರಿ ಕಿತ್ತು ಬಿಸಾಡಿದಳು. ಆಮೇಲೆ ನನ್ನ ಮುಖವನ್ನೇ ನೋಡಿ ಸುಮ್ಮನಾದಳು. ಗಡಿಯಾರ ನೋಡುವ ಮಸೂರ ಇನ್ನೂ ನನ್ನ ಕಣ್ಣಿಗೇ ಸಿಕ್ಕಿಕೊಂಡಿತ್ತು, ನನಗೆ ಅದರ ಪರಿವೆಯೇ ಇರಲಿಲ್ಲ. ತಾತನ ಮುಖದ ಮೇಲೂ ಒಂದಿದೆಯಲ್ಲ, ನನಗೂ ಇರಲಿ ಅಂದುಕೊಂಡಳೋ ಏನೋ. ನಾನು ಮಸೂರ ತೆಗೆಯಲು ಹೋದರೆ ನರ್ಸು ಬೇಡ ಅಂತ ಸನ್ನೆ ಮಾಡಿದಳು. ಆಸ್ಪತ್ರೆಯೊಳಕ್ಕೂ ಹಾಗೇ ಹೋದೆ.

ಅಲ್ಲಿನ ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ಹೊಗೆಯಂಥ ಔಷಧಿ ಉಸಿರಾಡಿಸುತ್ತಾ ನನ್ನನ್ನು ಏನೋ ಕೇಳಿದಳು. ತಲೆಯಾಡಿಸಿದೆ. ಮತ್ತೆ ಕೇಳಿದಳು, ಮತ್ತೆ ತಲೆಯಾಡಿಸಿದೆ. ಆಗ ಚೀಟಿಯಲ್ಲಿ ಬರೆದು ತೋರಿಸಿದಳು: "ಈ ಶಿಳ್ಳೆ ಸದ್ದು ಯಾವಾಗಿಂದ?" ಗೊತ್ತಿಲ್ಲ ಅಂದೆ. "ನಿಮಗೆ ಕಿವಿ ಕೇಳಿಸಲ್ವಾ ತಾತ?" ಅಂತ ಇನ್ನೊಂದು ಸಾಲು ಬರೆದಳು.

ಕೇಳಿಸಲ್ಲ ಕಣಮ್ಮ. ನಿನಗೂ ಈಗ ಹೇಳುತ್ತಿದ್ದೇನೆ. ಮೂರು ವರ್ಷವಾಯಿತು. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಕೂಗಿದರೆ ಅಷ್ಟಿಷ್ಟು. ಫೋನಿನಲ್ಲಿ ನಿನಗೆ ಹೂಂ ಹೂಂ ಅಂದಿದ್ದೆಲ್ಲ ಅಂದಾಜು. ನನಗೆ ಕೇಳಿಸಲ್ಲ ಅಂತ ಗೊತ್ತಾದರೆ ಮಗುವನ್ನು ನನ್ನ ಹತ್ತಿರ ಬಿಡುವುದಿಲ್ಲ ಅಂತ ಮುಚ್ಚಿಟ್ಟೆ. ಅವಳು ನನ್ನ ಬೆನ್ನ ಹಿಂದೆಯೇ ಎಷ್ಟು ಹೊತ್ತು ಹಾಗೆ ಏದುಸಿರು ಬಿಟ್ಟಳೋ. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ.

ಸಂಜೆಗೆ ತುಟಿ ಕೆಂಪಾಯಿತು. ನೆಗಡಿಯಿಂದ ಉಸಿರ ನಾಳ ಬಿಗಿದುಕೊಂಡಿತ್ತಂತೆ. ಭಾನುವಾರ ಮನೆಗೆ ಕಳಿಸಿದರು. ಉಸಿರಿಗೆ ಎಳೆದುಕೊಳ್ಳುವ ಪಂಪ್ ಕೊಟ್ಟು, ನನ್ನ ಕೈಯಲ್ಲೇ ಮೂರು ಸಲ ಮಾಡಿಸಿ ನೋಡಿದರು. "ಕಿವಿ ಕೈಕೊಟ್ಟರೂ ಕಣ್ಣು ನೋಡಿತಲ್ಲ" ಅಂತ ಆ ಹುಡುಗಿ ಬರೆದುಕೊಟ್ಟ ಚೀಟಿ ನನ್ನ ಹತ್ತಿರವೇ ಇದೆ.

ಅಳಿಯಂದಿರು ಬೈಯಲಿಲ್ಲ. ಕಿವಿ ಡಾಕ್ಟರ ಹತ್ತಿರ ನಾಡಿದ್ದಿಗೆ ಸಮಯ ಗೊತ್ತುಮಾಡಿದ್ದಾರೆ. ಅಲ್ಲಿಯವರೆಗೆ ನನ್ನನ್ನು ಅವಳ ಜೊತೆ ಒಂಟಿಯಾಗಿ ಬಿಡುವಂತಿಲ್ಲ ಅಂತ ಟೈಲರಮ್ಮನ ತೀರ್ಪು. ಅವರ ಹೊಲಿಗೆ ಯಂತ್ರ ನಮ್ಮ ಹಜಾರಕ್ಕೇ ಇಳಿದು ಬಂದಿದೆ. ಕಾಲಿಟ್ಟಲ್ಲೆಲ್ಲ ಗುಂಡುಸೂಜಿ.

ನೀನು ಗಾಬರಿಬಿದ್ದು ತರಬೇತಿ ಅರ್ಧಕ್ಕೆ ಬಿಟ್ಟು ಬರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ಎಲ್ಲಿದ್ದರೂ ನೀನು ತಣ್ಣಗಿರು ತಾಯಿ.

ನಿನ್ನ ಅಪ್ಪ

ಮರೆತದ್ದು: ಬುಗುರಿಗೆ ಈಗ ಎರಡು ತುಂಬಿತು. ಅವಳ ದನಿ ಹೇಗಿದೆ ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎದ್ದವಳೇ ನನ್ನ ತೊಡೆ ಹತ್ತಿ, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಏನೋ ಒಂದು ಮಾತು ಹೇಳುತ್ತಾಳೆ. ಆರು ತಿಂಗಳಿಂದ ಅದೇ ಮಾತು, ತುಟಿ ಆಡುವುದು ನೋಡಿದರೆ ಗೊತ್ತಾಗುತ್ತದೆ. ನಾನೂ ನಗುತ್ತಾ ಹೂಂ ಅನ್ನುತ್ತೇನೆ. ಅವಳು ಏನು ಹೇಳುತ್ತಾಳೆ ಅಂತ ನಿನಗೆ ಗೊತ್ತಿರುತ್ತದೆ. ಬರೆದು ತಿಳಿಸು.